ನಾವು ‘ಗ್ರೂಪಿನವರು’

ಕಾರವಾರದ ಒಂದು ಹೋಟೆಲಿನಲ್ಲಿ ಎರಡು ರಾತ್ರಿ ಇದ್ದು ಬಂದೆ. ಅಷ್ಟೂ ಹೊತ್ತು ಅಲ್ಲಿ ನನಗೊಂದು ಹೆಸರೇ ಇರಲಿಲ್ಲ. ಕೌಂಟರಿಗೆ ಹೋಗಿ ಏನು ಕೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ. “ನೀವು ಗ್ರೂಪಿನವರಾ?” ಹೌದು ಅಂದ ಕೂಡಲೇ ಕೇಳಿದವನ ಮುಖ ಹಗುರವಾಗುತ್ತಿತ್ತು. ಹಾಗಾದರೆ ಅವಸರ ಏನಿಲ್ಲ, ಅಂತ.

ಹೋಟೆಲಿನ ಹೆಸರು ಹೇಳುವುದಿಲ್ಲ. ಫೋನ್ ಮಾಡಿ ಕೇಳಿದವರಿಗೂ ಹೇಳಿಲ್ಲ.

ಡಿಸೆಂಬರಿನಲ್ಲಿ ಅಲ್ಲಿ ಎರಡು ದಿನದ ವಿಚಾರ ಸಂಕಿರಣ ಇತ್ತು. ನಮ್ಮ ಕರಾವಳಿಯ ಅಳಿವೆಗಳು, ಅಂದರೆ ನದಿ ಸಮುದ್ರ ಸೇರುವ ಜಾಗಗಳು, ಮತ್ತು ಅಲ್ಲಿನ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಗ್ಗೆ. ನಾನು ಶಿರಸಿಯಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಪಾಠ ಮಾಡುವವಳು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಮೇಲೆ ಈ ವಿಷಯಕ್ಕೆ ಸ್ವಲ್ಪ ಜೀವ ಬಂದಿದೆ, ನನಗೂ ಹೋಗಬೇಕು ಅನಿಸಿತ್ತು. ಸುಮಾರು ಅರವತ್ತು ಜನ ಬಂದಿದ್ದರು. ಊಟ, ವಸತಿ ಎಲ್ಲ ನೋಂದಣಿ ಶುಲ್ಕದಲ್ಲೇ ಸೇರಿತ್ತು. ನಾವು ಸಂಘಟಕರಿಗೆ ಕೊಟ್ಟೆವು, ಸಂಘಟಕರು ಹೋಟೆಲಿಗೆ ಮೊದಲೇ ಕೊಟ್ಟುಬಿಟ್ಟಿದ್ದರು. ಮುಂದಿನ ರಾಮಾಯಣವೆಲ್ಲ ಹುಟ್ಟಿದ್ದು ಇಲ್ಲೇ.

ಶುಕ್ರವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಬಸ್ಸು ಹತ್ತಿದೆ. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಅಂಕೋಲಾ ದಾಟಿ ಕಾರವಾರ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಹೋಟೆಲಿನ ಒಳಗೆ ಹೋದರೆ ನಮ್ಮವರೇ ಇಪ್ಪತ್ತು ಜನ ಬ್ಯಾಗಿನ ಮೇಲೆ ಕೂತಿದ್ದಾರೆ. ಕೌಂಟರಿನಲ್ಲಿ ಒಬ್ಬನೇ ಹುಡುಗ, ಒಂದೇ ಕಂಪ್ಯೂಟರ್. ಒಬ್ಬೊಬ್ಬರ ಆಧಾರ್ ಕಾರ್ಡನ್ನೂ ಹಿಂದಿನ ಕೋಣೆಗೆ ಒಯ್ದು ಜೆರಾಕ್ಸ್ ಮಾಡಿ ತರುತ್ತಿದ್ದ. ಅರವತ್ತು ಜನ ಬರುತ್ತಾರೆ ಅನ್ನುವುದು ಅವರಿಗೆ ಒಂದು ತಿಂಗಳ ಮೊದಲೇ ಗೊತ್ತಿತ್ತು. ಹೆಸರಿನ ಪಟ್ಟಿಯೂ ಹೋಗಿತ್ತು. ಆ ಪಟ್ಟಿ ಯಾರದೋ ಇಮೇಲಿನಲ್ಲಿ ಇತ್ತಂತೆ, ಆ ‘ಯಾರೋ’ ಅವತ್ತು ರಜೆ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ದಾರಿ ತಪ್ಪಿ ಬಂದವರೇ ಆಗಲಿ, ಮೊದಲ ಮಾತು “ಆಸ್ರಿಗೆ ಎಂತ ಬೇಕು?” ಅಂತ. ಬೆಲ್ಲ ನೀರು, ಮಜ್ಜಿಗೆ, ಏನೂ ಇಲ್ಲದಿದ್ದರೆ ಒಂದು ತಂಬಿಗೆ ತಣ್ಣೀರು. ಬಂದವರು ಯಾರು, ಯಾಕೆ ಬಂದರು ಎಲ್ಲ ಆಮೇಲೆ. ಹೋಟೆಲಿನಿಂದ ನಾನು ಮನೆಯ ಉಪಚಾರ ಬಯಸುವುದಿಲ್ಲ, ಅದು ವ್ಯಾಪಾರ, ಗೊತ್ತು. ಆದರೆ ಅಲ್ಲಿ ಒಂದು ಘಟನೆ ನಡೆಯಿತು. ನಾವು ಕೂತಲ್ಲೇ ಇದ್ದೆವು, ಗೋವಾ ಕಡೆಯಿಂದ ಎರಡು ಕಾರು ಬಂದವು. ಬುಕಿಂಗ್ ಇರಲಿಲ್ಲ, ರೂಮ್ ಇದೆಯಾ ಅಂತ ಕೇಳಿಕೊಂಡು ಬಂದವರು. ಹತ್ತು ನಿಮಿಷದಲ್ಲಿ ಅವರಿಗೆ ಸಮುದ್ರದ ಕಡೆಯ ರೂಮು ಸಿಕ್ಕಿತು. ಒಳಗಿನಿಂದ ಟ್ರೇ ಬಂತು. ಅದರಲ್ಲಿ ಮುರುಗಲು (ಕೋಕಂ) ಪಾನಕ, ಗಾಜಿನ ಲೋಟದಲ್ಲಿ, ಕೆಂಪಗೆ, ಮೇಲೆ ಹನಿ ಕಟ್ಟಿದ್ದು. ಟ್ರೇ ನಮ್ಮ ಇಪ್ಪತ್ತು ಜನರ ಮೂಗಿನ ಮುಂದೆ ಹಾದು ಹೋಯಿತು.

ನನ್ನ ಪಕ್ಕ ಧಾರವಾಡದ ಒಬ್ಬ ಮೇಡಂ ಕೂತಿದ್ದರು. “ಏ ತಮ್ಮಾ, ನಮಗಿಲ್ಲೇನೋ?” ಅಂತ ನೇರ ಕೇಳಿದರು. ಹುಡುಗ ಪಾಪ ನಿಜವನ್ನೇ ಹೇಳಿದ. “ಗ್ರೂಪಿನವರಿಗೆ ಅದು ಇಲ್ಲ ಮೇಡಂ.”

ಸಿಟ್ಟು ಬರಲಿಲ್ಲ, ನಗು ಬಂತು. ಮುರುಗಲು ನಮ್ಮ ಊರಿನದ್ದೇ. ನನ್ನ ತವರಿನ ಹಿತ್ತಲಲ್ಲಿ ಉದುರಿ ಬಿದ್ದು ಕೊಳೆಯುತ್ತದೆ.

ರೂಮು ಸಿಕ್ಕಾಗ ಎಂಟೂವರೆ. ಇಬ್ಬರ ರೂಮಿಗೆ ಮೂವರು. ನಾನು, ಧಾರವಾಡದ ಮೇಡಂ, ಹೊನ್ನಾವರದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಸಂಘಟಕರಿಗೆ ಇವರು ಒಪ್ಪಿಕೊಂಡದ್ದು ರೂಮಿಗೆ ಇಬ್ಬರು ಅಂತ. ಆದರೆ ಶನಿವಾರ, ಭಾನುವಾರ, ಡಿಸೆಂಬರ್ ಬೇರೆ. ನಮಗೆ ಕೊಟ್ಟದ್ದು ಕಡಿಮೆ ದರ, ಬಾಗಿಲಿಗೆ ಬಂದವರು ಕೊಡುವುದು ಪೂರ್ತಿ ದರ. ನಮ್ಮ ಲೆಕ್ಕದ ನಾಲ್ಕಾರು ರೂಮು ಆ ಕಡೆ ಹೋಯಿತು, ನಾವು ಒತ್ತರಿಸಿಕೊಂಡೆವು. ಮೂರನೆಯವಳಿಗೆ ‘ಎಕ್ಸ್‌ಟ್ರಾ ಬೆಡ್’ ಅಂತ ನೆಲಕ್ಕೆ ಒಂದು ಹಾಸಿಗೆ ಹಾಕಿದರು, ಅದಕ್ಕೆ ದಿಂಬು ಇಲ್ಲ. ಟವಲ್ಲು ಎರಡೇ. ಈ ಟವಲ್ಲಿನ ವಿಷಯ ಆಮೇಲೆ ಮತ್ತೆ ಬರುತ್ತದೆ.

ಬಾಗಿಲಿನ ಒಳ ಚಿಲಕ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ಸಮುದ್ರದ ಪಕ್ಕ ಕಬ್ಬಿಣ ಉಳಿಯುವುದಿಲ್ಲ, ಉಪ್ಪಿನ ಗಾಳಿ ತಿಂದು ಹಾಕುತ್ತದೆ. ಆದರೆ ಉಪ್ಪಿನ ಗಾಳಿ ಕಾರವಾರಕ್ಕೆ ನಿನ್ನೆ ಬಂದದ್ದಲ್ಲವಲ್ಲ. ಹಿತ್ತಾಳೆಯದೋ ಸ್ಟೀಲಿನದೋ ಹಾಕಬಹುದಿತ್ತು. ಮೂವರು ಹೆಂಗಸರು ಪರ ಊರಿನಲ್ಲಿ ಬಾಗಿಲಿಗೆ ಕುರ್ಚಿ ಒತ್ತಿ ಇಟ್ಟು ಮಲಗಿದೆವು. ಉಳಿದ ಎಲ್ಲದಕ್ಕೂ ನಕ್ಕುಬಿಡಬಹುದು, ಇದಕ್ಕೆ ನನಗೆ ಈಗಲೂ ನಗು ಬರುವುದಿಲ್ಲ. ಕೆಳಗೆ ಫೋನ್ ಮಾಡಿ ಹೇಳಿದ್ದೆವು. “ಬೆಳಗ್ಗೆ ಕಾರ್ಪೆಂಟರ್ ಬರ್ತಾರೆ” ಅಂದರು. ಬೆಳಗ್ಗೆ ಬರಲಿಲ್ಲ. ರಾತ್ರಿಯೂ ಇಲ್ಲ.

ಇನ್ನು ಬಾಗಿಲು ತೆಗೆಯುವ ಕಾರ್ಡು. ಗೋಡೆಯ ಸಂದಿಯಲ್ಲಿ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟು. ಮೂವರಿಗೆ ಒಂದೇ ಕಾರ್ಡು. ಒಬ್ಬರು ಅದನ್ನು ತೆಗೆದುಕೊಂಡು ಕೆಳಗೆ ಹೋದರೆ ಮೇಲಿದ್ದವರು ಕತ್ತಲಲ್ಲಿ, ಬಿಟ್ಟು ಹೋದರೆ ವಾಪಸು ಬಂದಾಗ ಬಾಗಿಲು ಬಡಿಯಬೇಕು. ಇದಕ್ಕೆ ಹೊನ್ನಾವರದ ಹುಡುಗಿಯೇ ಉಪಾಯ ಕಂಡುಹಿಡಿದಳು. ಸಂಕಿರಣದಲ್ಲಿ ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ದಪ್ಪ ಗುರುತಿನ ಚೀಟಿಯನ್ನು ಸಂದಿಗೆ ಸಿಕ್ಕಿಸಿದಳು, ದೀಪ ಹತ್ತಿತು. ಎರಡು ದಿನ ನನ್ನ ಹೆಸರು, ಕಾಲೇಜು ಎಲ್ಲ ಬರೆದಿದ್ದ ಚೀಟಿ ಆ ಗೋಡೆಯಲ್ಲೇ ಇತ್ತು. ಆ ಕಟ್ಟಡದಲ್ಲಿ ನನ್ನ ಹೆಸರಿಗೆ ಸಿಕ್ಕ ಕೆಲಸ ಅದೊಂದೇ.

ಶನಿವಾರ ಬೆಳಗ್ಗೆ ಬಿಸಿನೀರು. ಮಹಡಿ ಮೇಲೆ ಸೋಲಾರ್. ಹಿಂದಿನ ದಿನದ ಬಿಸಿಲಿಗೆ ಕಾದ ನೀರು ಒಂದು ಟಾಂಕಿಯಲ್ಲಿ ಕೂತಿರುತ್ತದೆ, ಅದು ಖಾಲಿಯಾದರೆ ಮತ್ತೆ ಸೂರ್ಯ ಮೇಲೆ ಬರುವವರೆಗೆ ಏನೂ ಇಲ್ಲ. ಪ್ರವಾಸಿಗರು ಆದರೆ ಒಬ್ಬರು ಏಳಕ್ಕೆ ಮೀಯುತ್ತಾರೆ, ಒಬ್ಬರು ಒಂಬತ್ತಕ್ಕೆ, ಒಬ್ಬರು ಬೀಚಿಗೆ ಹೋಗಿ ಬಂದು ಹನ್ನೊಂದಕ್ಕೆ. ಸಂಕಿರಣಕ್ಕೆ ಬಂದವರು ಹಾಗಲ್ಲ. ಒಂಬತ್ತೂವರೆಗೆ ಉದ್ಘಾಟನೆ ಅಂದರೆ ಅರವತ್ತು ಜನವೂ ಏಳರಿಂದ ಎಂಟರ ಒಳಗೆ ನಲ್ಲಿ ತಿರುಗಿಸುತ್ತಾರೆ. ಎಲ್ಲರೂ ಎಂಟೂಕಾಲಿಗೆ ತಿಂಡಿಗೆ ಬರುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ರೂಮು ಖಾಲಿ ಮಾಡುತ್ತಾರೆ. ನಮ್ಮಂಥವರನ್ನು ಇಟ್ಟುಕೊಳ್ಳುವ ಹೋಟೆಲಿಗೆ ಬೇಕಾದ ಬುದ್ಧಿ ಇಷ್ಟೇ. ಒಂದು ಹೊತ್ತಿನಲ್ಲಿ ಎಷ್ಟು ಜನ ಅನ್ನುವ ಲೆಕ್ಕ. ಊರ ಮದುವೆಗೆ ಅಡುಗೆ ಮಾಡುವ ಭಟ್ಟರಿಗೆ ಈ ಲೆಕ್ಕ ಬಾಯಿಪಾಠ. ಮೊದಲ ಪಂಕ್ತಿಗೆ ಎಷ್ಟು ಎಲೆ, ಎರಡನೆಯದಕ್ಕೆ ಎಷ್ಟು, ಸಾರು ಯಾವಾಗ ಮತ್ತೆ ಕುದಿಯಬೇಕು, ಎಲ್ಲ ಅವರ ತಲೆಯಲ್ಲೇ ಇರುತ್ತದೆ.

ಇಲ್ಲಿ ಏಳೂಕಾಲಿಗೆ ಬಿಸಿನೀರು ಮುಗಿಯಿತು. ಮೂರನೇ ಮಹಡಿಯಿಂದ ಒಬ್ಬ ಹಿರಿಯ ಪ್ರೊಫೆಸರರು ಸೊಂಟಕ್ಕೆ ಪಂಚೆ, ಹೆಗಲಿಗೆ ಟವಲ್ಲು, ಕೈಯಲ್ಲಿ ಖಾಲಿ ಬಕೆಟ್ಟು ಹಿಡಿದುಕೊಂಡು ಲಿಫ್ಟಿನಲ್ಲಿ ಕೆಳಗೆ ಬಂದರು. ಅಡುಗೆಮನೆಗೆ ನೇರ ಹೋಗಿ ಇಡ್ಲಿಯ ಪಾತ್ರೆಯ ಪಕ್ಕ ಕಾಯುತ್ತಿದ್ದ ನೀರನ್ನು ತುಂಬಿಸಿಕೊಂಡು ವಾಪಸು ಹೋದರು. ಯಾರಿಗೂ ಒಂದು ಮಾತು ಹೇಳಲಿಲ್ಲ. ಆ ದಿನ ಮಧ್ಯಾಹ್ನ ಅವರೇ ಉಪ್ಪುನೀರಿನಲ್ಲಿ ಗಿಡಗಳು ಹೇಗೆ ಬದುಕುತ್ತವೆ ಅಂತ ಬಹಳ ಚೆನ್ನಾಗಿ ಮಾತಾಡಿದರು.

ತಿಂಡಿಯ ಕತೆ ಬೇಡ. ಇಡ್ಲಿ ಇತ್ತು, ಚಟ್ನಿ ಇರಲಿಲ್ಲ. ಚಟ್ನಿ ಬಂತು, ಇಡ್ಲಿ ಮುಗಿದಿತ್ತು.

ಧಾರವಾಡದ ಮೇಡಂ ಈ ಹೊತ್ತಿಗೆ ನನಗೆ ಒಂದು ಮಾತು ಹೇಳಿದರು. “ನಿಮ್ಮ ಜಿಲ್ಲಾದವರು ಎಲ್ಲಾದಕ್ಕೂ ಅಡ್ಡಿಲ್ಲ, ಅಡ್ಡಿಲ್ಲ ಅಂತೀರಲ್ರೀ, ಅದಕ್ಕ ಹಿಂಗಾಗ್ಯದ.” ನಿಜ ಹೇಳಬೇಕೆಂದರೆ ಚುಚ್ಚಿತು. ಹಿಂದಿನ ರಾತ್ರಿಯಿಂದ ನಾನು ಎಷ್ಟು ಸಲ ಅಡ್ಡಿಲ್ಲ ಅಂದಿದ್ದೆ ಅಂತ ಎಣಿಸಿದೆ. ಹಾಸಿಗೆಗೆ ದಿಂಬಿಲ್ಲ, ಅಡ್ಡಿಲ್ಲ. ರೂಮು ಲೇಟು, ಅಡ್ಡಿಲ್ಲ. ಬಿಸಿನೀರಿಲ್ಲ, ಅಡ್ಡಿಲ್ಲ. ಉತ್ತರ ಕನ್ನಡದವರಿಗೆ ಅದು ಬಾಯಿಯ ರೂಢಿ, ಮನಸ್ಸಿನಲ್ಲಿ ಅಡ್ಡಿ ಇದ್ದೇ ಇರುತ್ತದೆ. ಮನೆಗೆ ಹೋಗಿ ಹೆಂಡತಿ ಹತ್ತಿರವೋ ಗಂಡನ ಹತ್ತಿರವೋ ಒಂದು ವಾರ ಹೇಳಿಕೊಳ್ಳುತ್ತೇವೆ. ಅಥವಾ ಹೀಗೆ ಬ್ಲಾಗ್ ಬರೆಯುತ್ತೇವೆ.

ಶನಿವಾರ ರಾತ್ರಿ ಊಟ ಎಂಟಕ್ಕೆ ಅಂತ ಇತ್ತು. ಕೊನೆಯ ಗೋಷ್ಠಿ ಎಳೆದು ನಾವು ಕೆಲವರು ಒಂಬತ್ತಕ್ಕೆ ಹೋದರೆ ಬಫೆ ತೆಗೆದಾಗಿತ್ತು. “ಗ್ರೂಪಿನವರದ್ದು ಮುಗೀತು” ಅಂದರು. ಸರಿ ಅಂತ ಕೆಳಗಿನ ರೆಸ್ಟೋರೆಂಟಿನಲ್ಲಿ ಕೈಯಿಂದ ದುಡ್ಡು ಕೊಟ್ಟು ತಿಂದೆವು. ಇಲ್ಲಿ ಒಂದು ಮಜಾ. ನಾವು ಮೆನು ಕೈಗೆ ತೆಗೆದುಕೊಂಡ ಕೂಡಲೇ ಅದೇ ಹುಡುಗ, ಬೆಳಗ್ಗೆ ಚಟ್ನಿ ಕೇಳಿದರೆ ಕಿವಿಗೆ ಹಾಕಿಕೊಳ್ಳದವನು, ಬೆನ್ನು ಬಾಗಿಸಿ “ಏನು ಕೊಡಲಿ ಮೇಡಂ” ಅಂದ. ಹೊನ್ನಾವರದ ಹುಡುಗಿ ಬಂಗಡೆ ಹೇಳಿದಳು, ಬಿಸಿಬಿಸಿ ಬಂತು, ಬಹಳ ಚೆನ್ನಾಗಿತ್ತಂತೆ. ನಾನು ಮೀನು ತಿನ್ನುವವಳಲ್ಲ, ನನ್ನ ದಾಲೂ ಅಡ್ಡಿಲ್ಲ, ನೋಡಿ, ಮತ್ತೆ ಬಂತು ಆ ಶಬ್ದ, ಆದರೆ ಈ ಸಲ ನಿಜವಾಗಿಯೂ ಅಡ್ಡಿಲ್ಲವಾಗಿತ್ತು. ಅಡುಗೆಯವನಿಗೆ ಅಡುಗೆ ಬರುತ್ತದೆ. ಕೊಡುವ ಹುಡುಗನಿಗೆ ಕೊಡಲು ಬರುತ್ತದೆ. ಅವರಿಗೆ ಬಾರದ ಕೆಲಸ ಯಾವುದೂ ಅಲ್ಲಿರಲಿಲ್ಲ.

ಬಿಲ್ಲು ಬಂದಾಗ ಅದರಲ್ಲಿ ಎರಡು ಸಂಗತಿ. ಇಪ್ಪತ್ತು ರೂಪಾಯಿಯ ನೀರಿನ ಬಾಟಲಿಗೆ ನಲವತ್ತು. ಮೇಲೆ ಸರ್ವಿಸ್ ಚಾರ್ಜ್ ನೂರಕ್ಕೆ ಹತ್ತು. ಮೊದಲನೆಯದಕ್ಕೆ ನಾನು ಜಗಳಕ್ಕೆ ನಿಂತೆ, ಎಂ.ಆರ್.ಪಿ. ಮೇಲೆ ಹೇಗೆ ತಗೊಳ್ತೀರಿ ಅಂತ. ನಮ್ಮ ಮೇಜಿನಲ್ಲಿ ಕುಮಟಾದ ಒಬ್ಬ ವಕೀಲರಿದ್ದರು, ಕಾಂಡ್ಲಾ ಬಗ್ಗೆ ಆಸಕ್ತಿಯಿಂದ ಬಂದವರು. ಅವರು ಮೆಲ್ಲಗೆ ಹೇಳಿದರು, “ಅದು ಬಿಡಿ ಮೇಡಂ, ಅದರಲ್ಲಿ ನೀವು ಸೋಲ್ತೀರಿ.” 2017ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆಯಂತೆ, ಹೋಟೆಲು, ರೆಸ್ಟೋರೆಂಟಿನಲ್ಲಿ ಕೂತು ಕುಡಿಯುವ ನೀರಿಗೆ ಎಂ.ಆರ್.ಪಿ.ಗಿಂತ ಜಾಸ್ತಿ ತಗೊಳ್ಳಬಹುದು, ಅಲ್ಲಿ ನಾವು ಬಾಟಲಿ ಒಂದನ್ನೇ ಅಲ್ಲ, ಕೂರುವ ಜಾಗ, ಸೇವೆ ಎಲ್ಲ ಕೊಳ್ಳುತ್ತಿದ್ದೇವೆ ಅಂತ. ನನಗೆ ಗೊತ್ತಿರಲಿಲ್ಲ, ಸುಮ್ನೆ ಕೂತೆ. ಆದರೆ ಸರ್ವಿಸ್ ಚಾರ್ಜ್ ವಿಷಯದಲ್ಲಿ ವಕೀಲರೇ ಎದ್ದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಪ್ರಕಾರ ಅದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸುವ ಹಾಗಿಲ್ಲ, ಗಿರಾಕಿ ಇಷ್ಟಪಟ್ಟರೆ ಕೊಡಬಹುದು, ಅಷ್ಟೇ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ ಕೂಡ. ವಕೀಲರು 1915ಕ್ಕೆ ಫೋನ್ ಮಾಡಲಾ ಅಂತ ಕೇಳಿದರು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಇಟ್ಟುಕೊಂಡಿರಿ ನಂಬರನ್ನು. ಫೋನ್ ಮಾಡುವ ಮೊದಲೇ ಹೊಸ ಬಿಲ್ಲು ಬಂತು, ಆ ಸಾಲು ಮಾಯ. ಅಂದರೆ ತೆಗೆಯಬೇಕು ಅಂತ ಅವರಿಗೂ ಗೊತ್ತಿತ್ತು.

ಊಟ ಮುಗಿಸಿ ನಾಲ್ವರು ಟಾಗೋರ್ ಬೀಚಿನಲ್ಲಿ ಸ್ವಲ್ಪ ಹೊತ್ತು ಓಡಾಡಿದೆವು. ಆಚೆ ಕಡೆ ವಸ್ತುಸಂಗ್ರಹಾಲಯ ಮಾಡಿಟ್ಟ ಚಪಲ್ ಯುದ್ಧನೌಕೆ ಕಪ್ಪಗೆ ಕೂತಿತ್ತು. ರವೀಂದ್ರನಾಥ ಟಾಗೋರರು ತರುಣರಾಗಿದ್ದಾಗ ಈ ಊರಿಗೆ ಬಂದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಈ ಸಮುದ್ರವನ್ನು ಬಹಳ ಹೊಗಳಿದ್ದಾರೆ. ಹೊಗಳದೆ ಏನು, ಅವರು ಉಳಿದದ್ದು ಜಡ್ಜ್ ಸಾಹೇಬರ ಮನೆಯಲ್ಲಿ. ಅಂತ ಹೊನ್ನಾವರದವಳು ಅಂದಳು.

ಈಗ ಭಾನುವಾರ. ನಾನು ಇಷ್ಟು ಬರೆಯಲು ಕೂತದ್ದೇ ಈ ಭಾನುವಾರಕ್ಕಾಗಿ.

ಅವತ್ತು ಬೆಳಗ್ಗೆ ಕಾಳಿ ಅಳಿವೆಯಲ್ಲಿ ದೋಣಿಯಲ್ಲಿ ಹೋಗಿ ಕಾಂಡ್ಲಾ ನೋಡುವುದಿತ್ತು. ಅಮಾವಾಸ್ಯೆ ಹತ್ತಿರದ ದಿನ. ಹಾಗಾಗಿ ನಸುಕಿನಲ್ಲಿ ದೊಡ್ಡ ಇಳಿತ. ಕಾಂಡ್ಲಾ ನೋಡಬೇಕಾದರೆ ಇಳಿತದಲ್ಲೇ ನೋಡಬೇಕು. ಆಗ ಕೆಸರು ಬಿಚ್ಚಿಕೊಳ್ಳುತ್ತದೆ, ಉಸಿರಾಡುವ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಸಾಲಾಗಿ ಮೇಲೆದ್ದು ಕಾಣುತ್ತವೆ, ಏಡಿಗಳು ಹೊರಗೆ ಬರುತ್ತವೆ, ಕೊಕ್ಕರೆಗಳು ಬರುತ್ತವೆ. ಉಬ್ಬರ ಏರಿದರೆ ನೀರಿನ ಮೇಲೆ ಹಸಿರು ಸೊಪ್ಪು ಮಾತ್ರ, ಅದನ್ನು ಸೇತುವೆ ಮೇಲಿನಿಂದಲೂ ನೋಡಬಹುದು. ಆರೂವರೆಗೆ ಕೋಡಿಬಾಗದ ಹತ್ತಿರ ದೋಣಿ ಕಾಯುತ್ತದೆ, ಆರಕ್ಕೆ ಹೋಟೆಲಿನಿಂದ ಹೊರಡಬೇಕು, ತಿಂಡಿ ಕಟ್ಟಿಕೊಡಬೇಕು ಅಂತ ಸಂಘಟಕರು ಬರೆದು ಕೊಟ್ಟಿದ್ದರು.

ಆರಕ್ಕೆ ಕೆಳಗೆ ಬಂದರೆ ಮುಂದಿನ ಷಟರು ಎಳೆದು ಬೀಗ ಹಾಕಿದೆ. ಕೌಂಟರಿನಲ್ಲಿ ಯಾರೂ ಇಲ್ಲ. ಅಡುಗೆಮನೆ ಕತ್ತಲು. ನಲವತ್ತು ಜನ ಬೂಟು, ಟೋಪಿ, ದುರ್ಬೀನು ಎಲ್ಲ ಹಾಕಿಕೊಂಡು ಒಳಗೆ ಬಂದಿ. ಆ ಬೀಗದ ಹೊರಗೆ ನಮ್ಮ ಬಸ್ಸು ಹಾರ್ನ್ ಹೊಡೆಯುತ್ತಿದೆ. ಹುಡುಕಿದಾಗ ಮೆಟ್ಟಿಲ ಕೆಳಗೆ ಒಬ್ಬ ಹುಡುಗ ಚಾದರ ಹೊದ್ದು ಮಲಗಿದ್ದ. ಎಬ್ಬಿಸಿದರೆ ಅವನ ಹತ್ತಿರ ಕೀಲಿ ಇಲ್ಲ. ಕೀಲಿ ಸೂಪರ್‌ವೈಸರ್ ಹತ್ತಿರ, ಸೂಪರ್‌ವೈಸರ್ ಮನೆ ಬಿಣಗಾದಲ್ಲಿ, ಫೋನ್ ಸ್ವಿಚ್ ಆಫ್. ಹಿಂದಿನ ಬಾಗಿಲಿಗೆ ಇನ್ನೊಂದು ಬೀಗ. ಬೆಂಕಿ ಬಿದ್ದಿದ್ದರೆ ಏನು ಗತಿ ಅಂತ ವಕೀಲರು ಒಂದೇ ಸಲ ಕೇಳಿದರು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಎಲ್ಲರ ತಲೆಯಲ್ಲಿ ಮಾತ್ರ ಅದೇ ಇತ್ತು.

ಏಳೂಕಾಲಿಗೆ ಕೀಲಿ ಬಂತು. ತಿಂಡಿಯ ಆರ್ಡರು ‘ರಾತ್ರಿ ಶಿಫ್ಟಿನವರಿಗೆ ಹೇಳಿದ್ದು, ಬೆಳಗಿನವರಿಗೆ ಗೊತ್ತಿಲ್ಲ’. ದೋಣಿ ಹತ್ತುವಾಗ ಎಂಟು. ನೀರು ಏರಿಯಾಗಿತ್ತು. ದೋಣಿಯವರು ಒಳ್ಳೆಯವರು, ಆದಷ್ಟು ಒಳಗೆ ಕರೆದುಕೊಂಡು ಹೋದರು. ಮರದ ಮೇಲೇ ಮೊಳೆತು ಉದ್ದಕ್ಕೆ ಜೋತುಬಿದ್ದ ಕಾಂಡ್ಲಾ ಬೀಜಗಳನ್ನು ತೋರಿಸಿದರು, ಅಷ್ಟಾದರೂ ಸಿಕ್ಕಿತು. 2024ರ ಆಗಸ್ಟಿನಲ್ಲಿ ಮುರಿದುಬಿದ್ದ ಹಳೇ ಸೇತುವೆಯ ಜಾಗ ನೋಡಿದೆವು, ಸದಾಶಿವಗಡ ನೋಡಿದೆವು. ಉಸಿರಾಡುವ ಬೇರು ಒಂದೂ ಕಾಣಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಫೋಟೋ ತರುತ್ತೇನೆ ಅಂದಿದ್ದೆ, ಪುಸ್ತಕದಲ್ಲಿರುವ ಚಿತ್ರವನ್ನೇ ಮತ್ತೆ ತೋರಿಸಿದೆ. ಶಿರಸಿಯಿಂದ ನೂರು ಕಿಲೋಮೀಟರಿಗೂ ಜಾಸ್ತಿ ಹೋಗಿ ತಂದದ್ದು ನೀರಿನ ಫೋಟೋ.

ಸಂಘಟಕರಲ್ಲಿ ಒಬ್ಬರು, ಬಡಪಾಯಿ, ದೋಣಿಯ ತುದಿಯಲ್ಲಿ ಕೂತು ಎಲ್ಲರ ಹತ್ತಿರ ಸಾರಿ ಕೇಳುತ್ತಿದ್ದರು. ನಾನು ಕೇಳಿದೆ, ಹೋಟೆಲಿನವರಿಗೆ ಜೋರು ಮಾಡಬಾರದಾ ಅಂತ. ಅವರು ಅಂದದ್ದು ನನಗೆ ಇಡೀ ಎರಡು ದಿನವನ್ನೇ ಬಿಡಿಸಿ ಹೇಳಿತು. “ದುಡ್ಡು ಪೂರ್ತಿ ಕೊಟ್ಟಾಯ್ತಲ್ಲ ಮೇಡಂ. ಇನ್ನು ಏನು ಹೇಳಿ ಜೋರು ಮಾಡೋದು?” ಡಿಸೆಂಬರಿನಲ್ಲಿ ರೂಮು ಸಿಗುವುದಿಲ್ಲ ಅಂತ ಹೆದರಿಸಿ ಪೂರ್ತಿ ಹಣ ಮೊದಲೇ ತಗೊಂಡಿದ್ದರಂತೆ. ಹೋಟೆಲಿಗೆ ಗಿರಾಕಿ ಅಂದರೆ ಇವರೊಬ್ಬರೇ, ಇವರ ಲೆಕ್ಕ ಮುಗಿದಿದೆ. ನಾವು ಅರವತ್ತು ಜನ ಅವರ ದೃಷ್ಟಿಯಲ್ಲಿ ಗಿರಾಕಿಗಳೇ ಅಲ್ಲ, ಸಾಗಿಸಬೇಕಾದ ಸಾಮಾನು. ದೂರು ಕೊಡೋಣ ಅಂದರೆ ರಸೀದಿ ನಮ್ಮ ಹೆಸರಿನಲ್ಲಿಲ್ಲ. ರಸೀದಿ ಇರುವವರಿಗೆ ಮುಂದಿನ ವರ್ಷ ಮತ್ತೆ ಇದೇ ಊರಿನಲ್ಲಿ ಅರವತ್ತು ಹಾಸಿಗೆ ಬೇಕು, ಅವರಿಗೂ ಬಾಯಿ ಬರುವುದಿಲ್ಲ. ಯಾರಾದರೂ ಕಾರ್ಯಕ್ರಮ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮೂರರಲ್ಲಿ ಒಂದು ಪಾಲನ್ನಾದರೂ ಕೊನೆಯ ದಿನಕ್ಕೆ ಉಳಿಸಿಕೊಳ್ಳಿ. ಬೆಳಗ್ಗೆ ಆರಕ್ಕೆ ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಹೆಸರು, ಫೋನ್ ನಂಬರು ಬರೆಸಿಕೊಳ್ಳಿ.

ಹನ್ನೆರಡಕ್ಕೆ ರೂಮು ಬಿಡಲು ಕೆಳಗೆ ಬಂದೆ. ಅದೇ ಸಾಲು, ಅದೇ ಒಂದು ಕಂಪ್ಯೂಟರ್. ನನ್ನ ಸರದಿ ಬಂದಾಗ ಕೌಂಟರಿನವನು ಒಂದು ಚೀಟಿ ನೋಡಿ ನನ್ನ ಪೂರ್ತಿ ಹೆಸರು ಹೇಳಿ ಕರೆದ. ಇನಿಷಿಯಲ್ ಸಮೇತ. ನಾನು ಬೆಚ್ಚಿಬಿದ್ದೆ.

“ಮೇಡಂ, ನಿಮ್ಮ ರೂಮಿನಲ್ಲಿ ಒಂದು ಟವಲ್ ಕಮ್ಮಿ ಇದೆ. ಮುನ್ನೂರು ರೂಪಾಯಿ.”

ಮೂವರು ಇದ್ದಿರಿ, ಮೂರು ಟವಲ್ಲು ಇರಬೇಕು, ಎರಡೇ ಸಿಕ್ಕಿದೆ. ಅವನ ಲೆಕ್ಕ ಸರಿಯಾಗೇ ಇತ್ತು. ಎರಡು ದಿನದಲ್ಲಿ ಆ ರೂಮಿನಲ್ಲಿ ಮೂವರಿದ್ದೇವೆ ಅಂತ ಹೋಟೆಲು ಒಪ್ಪಿಕೊಂಡದ್ದು ಅದೇ ಮೊದಲು. ನಾನು ಬಾಯಿ ತೆಗೆದೆ, ಅಭ್ಯಾಸಬಲದಿಂದ ‘ಅಡ್ಡಿಲ್ಲ’ ಅಂದು ಪರ್ಸಿಗೆ ಕೈ ಹಾಕುವವಳೇ ಇದ್ದೆ. ಧಾರವಾಡದ ಮೇಡಂ ಬ್ಯಾಗನ್ನು ಕೌಂಟರಿನ ಮೇಲೆ ಧಡ್ ಅಂತ ಇಟ್ಟು ಜಿಪ್ಪು ಎಳೆದರು. “ತಗದು ನೋಡಪಾ. ಎಲ್ಲಾ ತಗದು ನೋಡು.”

ಅಷ್ಟರಲ್ಲಿ ಹಿಂದಿನಿಂದ ರೂಮು ಗುಡಿಸುವ ಹುಡುಗ ಬಂದ. ಒಡಿಶಾದವನು, ನಸುಕಿನಲ್ಲಿ ಮೆಟ್ಟಿಲ ಕೆಳಗೆ ಮಲಗಿದ್ದವನೂ ಅವನೇ. ಕೈಯಲ್ಲಿ ಹಾಸಿಗೆ ಬಟ್ಟೆಯ ಗಂಟು. ಕೌಂಟರಿನವನಿಗೆ ಹಿಂದಿಯಲ್ಲಿ ಹೇಳಿದ, ಇವರಿಗೆ ಎರಡೇ ಕೊಟ್ಟಿದ್ದು ಸಾರ್, ನಾನೇ ಇಟ್ಟಿದ್ದು, ಮೂರನೆಯದು ಇರಲೇ ಇಲ್ಲ. ಆಮೇಲೆ ಜೇಬಿನಿಂದ ನನ್ನ ಗುರುತಿನ ಚೀಟಿ ತೆಗೆದು ಕೊಟ್ಟ. ಗೋಡೆಯ ಸಂದಿಯಲ್ಲೇ ಮರೆತು ಬಂದಿದ್ದೆ.